ಪ್ರಶ್ನೆಯ ಕೊನೆಯ ಅಕ್ಷರ

ಬೆಂಗಳೂರಿನಲ್ಲಿ ಫೊರೆನ್ಸಿಕ್ ಸೈಕಾಲಜಿ (ಅಪರಾಧ, ಕೋರ್ಟು-ಕಾನೂನಿಗೆ ಸಂಬಂಧಿಸಿದ ಮನಶ್ಶಾಸ್ತ್ರ) ಎಂಎಸ್ಸಿಗೆ ಬರುವ ಬಹಳಷ್ಟು ಮಂದಿಯ ಕುತೂಹಲ ಇರುವುದು ಅಪರಾಧಿಯ ಮನಸ್ಸು, ಸುಳ್ಳು ಪತ್ತೆ, ನಾರ್ಕೋ ಪರೀಕ್ಷೆಗಳ ಮೇಲೆ. ಒಪ್ಪಿಗೆಯಿಲ್ಲದೆ ನಾರ್ಕೋ, ಪಾಲಿಗ್ರಾಫ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಸೆಲ್ವಿ ಎಂಬ ಆ ಪ್ರಕರಣದಲ್ಲಿ ಎದುರು ಪಕ್ಷ ಕರ್ನಾಟಕ ಸರ್ಕಾರವೇ. ಆದರೆ ಮುಂದೆ ಈ ವಿದ್ಯಾರ್ಥಿಗಳ ಎದುರು ಬಂದು ಕೂರುವವರಲ್ಲಿ ನೊಂದವರೇ ಬಹಳ: ಸಾಕ್ಷಿ ಹೇಳಬೇಕಾದ ಹುಡುಗಿ, ಹಲ್ಲೆಗೊಳಗಾದ ಹೆಂಗಸು, ಏಟು ತಿಂದೇ ಬೆಳೆದ ವಿಚಾರಣಾಧೀನ ಕೈದಿ. ಇಂಥ ಮಾನಸಿಕ ಆಘಾತಕ್ಕೆ ಕೊಡುವ ಟ್ರಾಮಾ ಚಿಕಿತ್ಸೆಯನ್ನು ಐಚ್ಛಿಕ ಪೇಪರ್ ಮಾಡುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು.

ಮೊದಲು ಇತ್ಯರ್ಥವಾಗಬೇಕಾದ್ದು, ನೀವು ಕೂತಿರುವುದು ಯಾವ ಕುರ್ಚಿಯಲ್ಲಿ ಎನ್ನುವುದು. ಚಿಕಿತ್ಸೆ ಕೊಡುವವರು ಎದುರಿನವರ ಮಾತನ್ನು ಹಿಡಿದು ಮುಂದೆ ಹೋಗುತ್ತಾರೆ. ಕೋರ್ಟಿಗೆ ವರದಿ ಬರೆಯುವವರು ಅದೇ ಮಾತನ್ನು ದಾಖಲೆಗಳ ಜೊತೆ ತಾಳೆ ನೋಡಬೇಕು. ಒಬ್ಬರೇ ಎರಡನ್ನೂ ಮಾಡಿದರೆ ನಂಬಿಕೆಯೂ ಕೆಡುತ್ತದೆ, ವರದಿಯೂ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಮಕ್ಕಳ ಜೊತೆ ಮೊದಲ ಐದು ನಿಮಿಷದಲ್ಲೇ ಒಂದು ಎಡವಟ್ಟು ಆಗುತ್ತದೆ. ಮಗು ಹೆದರಿದೆ ಎಂದು ಕಂಡ ಕೂಡಲೇ ವಿದ್ಯಾರ್ಥಿಯ ಬಾಯಲ್ಲಿ ಬರುವ ಮಾತು, ‘ಹೇಳು ಪುಟ್ಟ, ಯಾರಿಗೂ ಹೇಳಲ್ಲ’. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19 ಚಿಕಿತ್ಸಕರನ್ನೂ ಬಿಟ್ಟಿಲ್ಲ. ಗೊತ್ತಾದದ್ದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಉಳಿಸಿಕೊಳ್ಳಲಾಗದ ಮಾತು ಕೊಟ್ಟರೆ ಮಗುವಿಗೆ ಅದು ಎರಡನೇ ಮೋಸ. ಗುಟ್ಟು ಎಲ್ಲಿಯವರೆಗೆ ಎನ್ನುವುದನ್ನು ಮಗು ಬಾಯಿ ಬಿಡುವ ಮೊದಲೇ ಹೇಳಬೇಕು.

ಪ್ರಶ್ನೆ ಕೇಳುವುದನ್ನು ಕನ್ನಡದಲ್ಲೇ ಅಭ್ಯಾಸ ಮಾಡಿಸಬೇಕು. ಪಾಠ ಇಂಗ್ಲಿಷಿನಲ್ಲಿ, ಎದುರಿನವರು ಕನ್ನಡದಲ್ಲಿ, ಹೀಗಾಗಿ ಎಡವುವುದು ಇಲ್ಲೇ. ಮೂವರು ಕೂತು 20 ನಿಮಿಷದ ರೋಲ್ ಪ್ಲೇ ಮಾಡಲಿ. ಮೂರನೆಯವರು ಪ್ರತಿ ಪ್ರಶ್ನೆಯನ್ನೂ ಕೇಳಿದ ಹಾಗೇ ಬರೆದುಕೊಂಡು, ಕೊನೆಗೆ ‘ಆ’ ಅಥವಾ ‘ಅಲ್ವಾ’ ಬಂದ ಕಡೆ ಗೆರೆ ಎಳೆಯಲಿ. ಮುಟ್ಟಿದನಾ? ಹೊಡೆದನಾ? ಕತ್ತಲಾಗಿತ್ತಲ್ವಾ? ದೊಡ್ಡವರು ಹೀಗೆ ಕೇಳಿದರೆ ನಮ್ಮ ಮಕ್ಕಳು ‘ಹೂಂ’ ಅಂದುಬಿಡುತ್ತಾರೆ. ಆ ವಿವರ ಕೇಳಿದವರದ್ದು, ಮಗುವಿನದ್ದಲ್ಲ. ಆದರೂ ನೆನಪಿನೊಳಗೆ ಸೇರಿಕೊಳ್ಳಬಹುದು. ಮುಂದೆ ಎದುರಾಳಿ ವಕೀಲರು ‘ಇದನ್ನ ಹೇಳಿಕೊಟ್ಟಿದ್ದು ಯಾರು?’ ಎನ್ನಲು ಅಷ್ಟು ಸಾಕು. ಗೆರೆ ಬಿದ್ದ ಪ್ರತಿ ಪ್ರಶ್ನೆಯನ್ನೂ ‘ಆಮೇಲೆ ಏನಾಯ್ತು?’, ‘ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳು’ ಎಂಬ ಧಾಟಿಗೆ ತಿರುಗಿಸಿ ಮತ್ತೆ ಕೇಳಿಸಬೇಕು. ‘ಯಾಕೆ ಕೂಗಲಿಲ್ಲ?’ ಎನ್ನುವುದಂತೂ ಆರೋಪವೇ. ‘ಆಗ ಮೈಗೆ ಏನಾಯ್ತು?’ ಎಂದರೆ ‘ಮರಗಟ್ಟಿ ಹೋಯ್ತು’ ಎಂಬ ಉತ್ತರ ಬರಬಹುದು. ನೋಟ್ಸ್‌ನಲ್ಲಿ ಆ ಪದವೇ, ಕನ್ನಡದಲ್ಲೇ ಇರಲಿ.

ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಅಂದರೆ ತಪ್ಪಿಸಿಕೊಳ್ಳುತ್ತಿರುವ ನೆನಪನ್ನು ಸುರಕ್ಷಿತ ಜಾಗದಲ್ಲಿ ಎದುರಿಸುವ ಚಿಕಿತ್ಸೆ ಕಲಿಸುವಾಗ ಗಡಿಯಾರ ಮುಖ್ಯ. ಇದು 8ರಿಂದ 15 ಸೆಷನ್‌ಗಳ ಚಿಕಿತ್ಸೆ. 90 ನಿಮಿಷದ ಸೆಷನ್‌ನಲ್ಲಿ ನೆನಪನ್ನು ಮತ್ತೆ ಮತ್ತೆ ಹೇಳಿಸುವುದು 30ರಿಂದ 45 ನಿಮಿಷ, ಅದಾದ ಮೇಲೆ ಆ ಬಗ್ಗೆ ಮಾತಾಡಲು 15ರಿಂದ 20. ಸಂಕಟ ನೂರಕ್ಕೆ ಎಷ್ಟು ಎಂದು ಐದೈದು ನಿಮಿಷಕ್ಕೊಮ್ಮೆ ಕೇಳಬೇಕು. ಹೊಸಬರು 80 ಎಂದು ಕೇಳಿದ ಕೂಡಲೇ ‘ಸಾಕು ಬಿಡಿ’ ಎಂದು ನಿಲ್ಲಿಸುತ್ತಾರೆ. ಕರುಣೆಯಿಂದಲೇ, ನಿಜ. ಆದರೆ ಈ ನೆನಪಿನಿಂದ ತಪ್ಪಿಸಿಕೊಂಡರೇ ಉಳಿಗಾಲ ಎಂಬ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ನೋಟ ಎಲ್ಲೋ ನೆಟ್ಟು, ಕರೆದರೆ ಉತ್ತರ ಬಾರದಿದ್ದರೆ ಮಾತ್ರ ವಿಷಯ ಬೇರೆ: ಕಣ್ಣು ಬಿಡಿಸಿ, ಕಾಲು ನೆಲಕ್ಕೆ ಊರಿಸಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಇವತ್ತಿನ ತಾರೀಖು ಓದಿಸಿ.

ಈ ವಿಧಾನದಲ್ಲಿ ಸೆಷನ್‌ನ ರೆಕಾರ್ಡಿಂಗನ್ನು ದಿನವೂ ಮನೆಯಲ್ಲಿ ಕೇಳಬೇಕು. ಬೆಂಗಳೂರಿನ ಒಂದು ಕೋಣೆಯ ವಠಾರದ ಮನೆಯಲ್ಲಿ, ಮನೆಮಂದಿಯೆಲ್ಲ ಬಳಸುವ ಒಂದೇ ಫೋನಿನಲ್ಲಿ? ಫೋನ್ ಯಾರ ಕೈಗೆ ಸಿಗುತ್ತದೆ, ಆ ಧ್ವನಿಯನ್ನು ಕೋರ್ಟ್ ತರಿಸಿಕೊಂಡರೆ ಏನು ಎಂದು ಮೊದಲೇ ಯೋಚಿಸಿ, ಕೇಸ್ ನಡೆಸುವ ವಕೀಲರನ್ನು ಕೇಳಿ ತೀರ್ಮಾನಿಸಬೇಕು. ಅದು ಆಗದ ಕಡೆ, ಘಟನೆಯ ಬಗ್ಗೆ ಮನಸ್ಸಲ್ಲಿ ಕೂತ ನಂಬಿಕೆಗಳನ್ನು ಪರೀಕ್ಷಿಸಿ ನೋಡುವ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಅನುಕೂಲ. 12 ಸೆಷನ್, ಘಟನೆಯನ್ನು ವಿವರವಾಗಿ ಬರೆಸದೆಯೂ ಮಾಡಬಹುದು. ಅದರಲ್ಲಿ ‘ನನ್ನ ಮರ್ಯಾದೆ ಹೋಯ್ತು’ ಎಂಬ ಮಾತು ಬಂದಾಗ ‘ಛೆ, ನಿಮ್ಮ ತಪ್ಪೇನಿಲ್ಲ’ ಎಂದು ಉಪದೇಶ ಶುರುಮಾಡಿದರೆ ಕೆಲಸ ಕೆಟ್ಟಿತು. ತಲೆಯಾಡಿಸುತ್ತಾರೆ, ನಂಬಿಕೆ ಅಲ್ಲಾಡುವುದಿಲ್ಲ. ‘ಮರ್ಯಾದೆ ಅಂದರೆ ನಿಮಗೆ ಏನು? ಹಾಗೆ ಮೊದಲು ಹೇಳಿದ್ದು ಯಾರು?’ ಎಂದು ಕೇಳಿ, ಸುಮ್ಮನೆ ಕಾಯಬೇಕು.

ಕೇಸ್ ಮುಗಿಯಲಿ, ಆಮೇಲೆ ಚಿಕಿತ್ಸೆ ಎನ್ನುವವರಿದ್ದಾರೆ. ಇದು ಕ್ರೌರ್ಯ. ಪೋಕ್ಸೊ ವಿಚಾರಣೆ ಸಾಧ್ಯವಾದಷ್ಟು ಒಂದು ವರ್ಷದೊಳಗೆ ಮುಗಿಯಬೇಕು ಎಂದು ಸೆಕ್ಷನ್ 35 ಹೇಳುತ್ತದೆ. ಒಂದು ವರ್ಷ ನಿದ್ದೆಗೆಡುವುದು ಮಗುವಿಗೆ ಸಣ್ಣದಲ್ಲ. ನಿದ್ದೆ, ಉಸಿರು, ಬೆಚ್ಚಿಬೀಳುವಿಕೆಯ ಕೆಲಸವನ್ನು ಮೊದಲ ದಿನವೇ ಶುರುಮಾಡಬಹುದು, ಅದಕ್ಕೆ ಘಟನೆಯ ವಿವರ ಬೇಕಿಲ್ಲ. ಸಾಕ್ಷಿ ಹೇಳುವ ವಾರದಲ್ಲಿ ಮಾತ್ರ ಹೊಸ ನೆನಪು ತೆರೆಯಬೇಡಿ. ಮಧ್ಯೆ ಮಧ್ಯೆ ಬಿಡುವಿಗೆ ಸೆಕ್ಷನ್ 33ರಲ್ಲಿ ಅವಕಾಶವಿದೆ. ‘ನೀರು ಬೇಕು’, ‘ಸ್ವಲ್ಪ ಬಿಡುವು ಕೊಡಿ’, ‘ಪ್ರಶ್ನೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ’ ಎಂಬ ಮೂರು ಮಾತುಗಳನ್ನು ಜೋರು ದನಿಯಲ್ಲಿ ಹೇಳಿಸಿ ರೂಢಿ ಮಾಡಿಸಿ. ಸಾಕ್ಷ್ಯದಲ್ಲಿ ಏನು ಹೇಳಬೇಕು ಎನ್ನುವ ವಿಷಯಕ್ಕೆ ಕೈ ಹಾಕಬೇಡಿ.