ಯಾವ ಡಿಸ್ಕಿನಲ್ಲಿ ನೋಡಿದಿರಿ?

ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೇಯರ್ ಅವರ ಮೂಕಿಚಿತ್ರ 'ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' ನೋಡಿದೆ ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಉಳಿದವರು ಒಟ್ಟಿಗೆ ಕೇಳುತ್ತಾರೆ: "ಇಪ್ಪತ್ತರದ್ದೋ, ಇಪ್ಪತ್ನಾಲ್ಕರದ್ದೋ?" ಹೊಸಬರಿಗೆ ಈ ಪ್ರಶ್ನೆಯ ತಲೆಬುಡ ತಿಳಿಯುವುದಿಲ್ಲ. ಮೂಕಿಚಿತ್ರಗಳ ಕಾಲದಲ್ಲಿ ರೀಲು ಓಡಬೇಕಾದ ವೇಗ ಎಲ್ಲ ಕಡೆಯೂ ಒಂದೇ ಇರಲಿಲ್ಲ. ಸೆಕೆಂಡಿಗೆ 20 ಫ್ರೇಮಿನಂತೆ, ಅಂದರೆ ರೀಲಿನ 20 ಬಿಡಿ ಚಿತ್ರಗಳಂತೆ, ಓಡಿಸಿದರೆ ಡ್ರೇಯರ್ ಚಿತ್ರ ಸುಮಾರು 97 ನಿಮಿಷ, 24ರಂತೆ ಓಡಿಸಿದರೆ ಸುಮಾರು 81 ನಿಮಿಷ. ಫ್ರೇಮುಗಳು ಅವೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಚಿತ್ರ ಮಾತ್ರ ಬೇರೆಯೇ ಆಗಿಬಿಡುತ್ತದೆ. ಒಳ್ಳೆಯ ಬ್ಲೂ-ರೇಗಳಲ್ಲಿ (ಡಿವಿಡಿಯ ನಂತರ ಬಂದ, ಹೆಚ್ಚು ಸ್ಪಷ್ಟವಾದ ಡಿಸ್ಕುಗಳು) ಎರಡನ್ನೂ ಕೊಟ್ಟಿರುತ್ತಾರೆ, ಆರಿಸಿಕೊಳ್ಳುವುದು ನೋಡುವವರಿಗೆ ಬಿಟ್ಟದ್ದು.

ನಾನು ಇಪ್ಪತ್ತರ ಪಕ್ಷ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಕಣ್ಣಿನಲ್ಲಿ ನೀರು ತುಂಬಿ, ರೆಪ್ಪೆಯ ಅಂಚಿನಲ್ಲಿ ಒಂದಿಷ್ಟು ಹೊತ್ತು ನಿಂತು, ಆಮೇಲೆ ಕೆನ್ನೆಗಿಳಿಯುತ್ತದಲ್ಲ, ಆ ನಿಲ್ಲುವಿಕೆ ನನಗೆ ಬೇಕು. ಇಪ್ಪತ್ನಾಲ್ಕರಲ್ಲಿ ಅದು ಬೇಗ ಮುಗಿಯುತ್ತದೆ. ನನ್ನ ಗೆಳೆಯನೊಬ್ಬ ಇದಕ್ಕೆ ಸುತರಾಂ ಒಪ್ಪುವುದಿಲ್ಲ. ಜೋನ್‌ಳನ್ನು ವಿಚಾರಿಸುವ ಪಾದ್ರಿ ನ್ಯಾಯಾಧೀಶರು ಒಬ್ಬರ ಹಿಂದೊಬ್ಬರು ಮೇಲೆಬೀಳುವ ದೃಶ್ಯಗಳಿಗೆ ಆ ವೇಗವೇ ಬೇಕು, ಇಲ್ಲದಿದ್ದರೆ ವಿಚಾರಣೆಯ ಒತ್ತಡವೇ ಸಡಿಲವಾಗುತ್ತದೆ ಅನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. ಆದರೂ ನಾನು ನನ್ನ ಪಕ್ಷ ಬಿಟ್ಟಿಲ್ಲ.

ಈ ಚಿತ್ರ ನಮ್ಮ ಕೈಗೆ ಬಂದದ್ದೇ ದೊಡ್ಡ ಕಥೆ. 1928ರಲ್ಲಿ ತೆರೆಕಂಡ ಚಿತ್ರದ ಮೂಲ ನೆಗೆಟಿವ್ ಅದೇ ವರ್ಷ ಬರ್ಲಿನ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಡ್ರೇಯರ್ ಎದೆಗುಂದದೆ, ಬಳಸದೆ ಬಿಟ್ಟಿದ್ದ ಟೇಕುಗಳನ್ನು ಹುಡುಕಿ ಜೋಡಿಸಿ ಇಡೀ ಚಿತ್ರವನ್ನು ಮತ್ತೆ ಕಟ್ಟಿದರು. ಆ ಎರಡನೆಯ ನೆಗೆಟಿವ್ ಕೂಡ ಬೆಂಕಿಗೆ ಹೋಯಿತು ಅಂತಲೇ ಎಲ್ಲರೂ ನಂಬಿದ್ದರು. ದಶಕಗಟ್ಟಲೆ ಜನ ನೋಡಿದ್ದು ಕತ್ತರಿಸಿದ, ಕಲಸುಮೇಲೋಗರವಾದ ಪ್ರತಿಗಳನ್ನು. 1981ರಲ್ಲಿ ಓಸ್ಲೋದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಡಬ್ಬಿಗಳು ಸಿಕ್ಕವು. ಒಳಗೆ ಮೊದಲ ಆವೃತ್ತಿಯ ಪೂರ್ತಿ ಪ್ರತಿ! ಡ್ರೇಯರ್ 1968ರಲ್ಲೇ ತೀರಿಕೊಂಡಿದ್ದರು. ನಟರಿಗೆ ಮೇಕಪ್ ಇಲ್ಲದೆ ತೆಗೆದ ಚಿತ್ರ ಇದು. ಚೊಕ್ಕ ಡಿಸ್ಕಿನಲ್ಲಿ ಪಾದ್ರಿಗಳ ಮುಖದ ಸುಕ್ಕು, ಗಂಟು, ಒಡೆದ ತುಟಿ ಎಲ್ಲವೂ ಕಾಣುತ್ತವೆ. ಅದನ್ನೆಲ್ಲ ನೋಡುವಾಗ, ಕಪಾಟಿನಲ್ಲಿ ಅಷ್ಟು ವರ್ಷ ಸುಮ್ಮನೆ ಕಾದಿದ್ದ ಆ ಡಬ್ಬಿಗಳ ನೆನಪು ನನಗೆ ಬಾರದೆ ಇರುವುದಿಲ್ಲ.

ಡಿಸ್ಕು ಕೂಡಿಡುವುದೇಕೆ, ಎಲ್ಲವೂ ಇಂಟರ್ನೆಟ್‌ನಲ್ಲಿ ಸಿಗುತ್ತದಲ್ಲ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. 'ಒಂದು ಚಿತ್ರ' ಅನ್ನುವುದು ಒಂದೇ ಅಲ್ಲ. ಯಾವ ವೇಗ, ಯಾವ ಧ್ವನಿ, ಯಾವ ಬಣ್ಣ, ಚೌಕಟ್ಟಿನ ಅಂಚು ಎಲ್ಲಿಗೆ ನಿಲ್ಲುತ್ತದೆ, ಇವೆಲ್ಲ ಯಾರೋ ಕೂತು ತೀರ್ಮಾನಿಸಿದ ಸಂಗತಿಗಳು. ಶ್ರದ್ಧೆಯಿಂದ ಮಾಡಿದ ಡಿಸ್ಕಿನಲ್ಲಿ ಆ ತೀರ್ಮಾನಗಳನ್ನು ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಯಾವ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ್ದು, ಬಣ್ಣ ಸರಿಪಡಿಸುವಾಗ ಛಾಯಾಗ್ರಾಹಕರು ಜೊತೆಗಿದ್ದರೇ, ಎಲ್ಲ ಅಲ್ಲಿರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಚಿತ್ರದ ಹೆಸರು, ವರ್ಷ, ಎರಡು ಸಾಲಿನ ಕಥೆ ಇರುತ್ತದೆ. ಮುಂದಿನ ತಿಂಗಳು ಅದೂ ಇರುತ್ತದೆ ಅನ್ನುವ ಖಾತ್ರಿಯಿಲ್ಲ.

ಡಿವಿಡಿ ಕಾಲದ ಒಂದು ತೊಂದರೆ ಈಗಿನವರಿಗೆ ಗೊತ್ತೇ ಇಲ್ಲ. ಆಗ ಯುರೋಪಿನ ಹೆಚ್ಚಿನ ಟಿವಿಗಳು ಪಾಲ್ ಅನ್ನುವ ಪ್ರಸಾರ ಪದ್ಧತಿಯವಾಗಿದ್ದವು, ಸೆಕೆಂಡಿಗೆ 25 ಫ್ರೇಮು. ಸಿನಿಮಾ ತೆಗೆದದ್ದು 24ರಲ್ಲಿ. ಹೊಂದಿಸಲು ಸುಲಭದ ದಾರಿ ಹಿಡಿದು ಚಿತ್ರವನ್ನೇ ಶೇಕಡಾ 4ರಷ್ಟು ಜೋರಾಗಿ ಓಡಿಸುತ್ತಿದ್ದರು. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತಿತ್ತು. ಕಣ್ಣಿಗೆ ಅಷ್ಟಾಗಿ ತಿಳಿಯದು, ಕಿವಿಗೆ ತಿಳಿಯುತ್ತದೆ. ಎಷ್ಟೋ ಡಿಸ್ಕುಗಳಲ್ಲಿ ಶ್ರುತಿಯೂ ಜೊತೆಗೇ ಏರುತ್ತಿತ್ತು, ಅರ್ಧ ಸ್ವರದಷ್ಟಲ್ಲದಿದ್ದರೂ ಅದಕ್ಕೆ ಹತ್ತಿರ. ರಷ್ಯದ ನಿರ್ದೇಶಕ ತಾರ್ಕೋವ್‌ಸ್ಕಿಯವರ 'ಸೊಲಾರಿಸ್'ನಲ್ಲಿ ಬಾಖ್‌ನ ಆರ್ಗನ್ ರಚನೆಯೊಂದು ಮತ್ತೆ ಮತ್ತೆ ಬರುತ್ತದೆ. ಮೂಲದ ಶ್ರುತಿ ಕಿವಿಯಲ್ಲಿ ಕೂತವರಿಗೆ ಏರಿಸಿದ ಪ್ರತಿ ಕೇಳುವುದು ನಿಜಕ್ಕೂ ಕಷ್ಟ. ಸಂಗೀತ ಕಲಿತ ಗೆಳತಿಯೊಬ್ಬಳು ಅಂಥ ಪ್ರತಿ ಶುರುವಾದೊಡನೆ "ಶ್ರುತಿ ಹೋಯಿತು" ಅಂತ ಎದ್ದುಬಿಟ್ಟಿದ್ದಳು. ಬ್ಲೂ-ರೇ ಬಂದು 24ನ್ನು 24 ಆಗಿಯೇ ತೋರಿಸತೊಡಗಿದಾಗ ನನಗೆ ಚಿತ್ರದ ಸ್ಪಷ್ಟತೆಗಿಂತ ಹೆಚ್ಚು ಸಂತೋಷ ಕೊಟ್ಟಿದ್ದು ಈ ಸಂಗತಿ.

ತಾರ್ಕೋವ್‌ಸ್ಕಿಯವರದ್ದೇ ಇನ್ನೊಂದು ಚಿತ್ರ, 1979ರ 'ಸ್ಟಾಕರ್'. ಮೂವರು ಪುಟ್ಟ ರೈಲ್ವೆ ಟ್ರಾಲಿಯಲ್ಲಿ ನಿಷಿದ್ಧ ವಲಯಕ್ಕೆ ಹೋಗುವ ದೃಶ್ಯ. ಕ್ಯಾಮೆರಾ ಅವರ ಮುಖಕ್ಕೆ, ತಲೆಯ ಹಿಂಭಾಗಕ್ಕೆ ಅಂಟಿಕೊಂಡೇ ಇರುತ್ತದೆ. ಹಳಿಯ ಮೇಲೆ ಗಾಲಿಯ ಕಟಕಟ ಸದ್ದು. ಆ ಸದ್ದು ನಿಧಾನವಾಗಿ, ಯಾವಾಗ ಅಂತ ಹೇಳಲಾಗದಂತೆ, ಆರ್ತೆಮ್ಯೆವ್ ಅವರ ಎಲೆಕ್ಟ್ರಾನಿಕ್ ಸಂಗೀತವಾಗಿ ಬದಲಾಗುತ್ತದೆ. ಇದನ್ನು ಮೂಲದ ಮೋನೋ, ಅಂದರೆ ಒಂದೇ ವಾಹಿನಿಯ, ಧ್ವನಿಯಲ್ಲೇ ಕೇಳಬೇಕು. ಹಿಂದೆ ಬಂದ ಒಂದು ಡಿವಿಡಿಯಲ್ಲಿ ಐದು ಸ್ಪೀಕರಿಗೆ ಹೊಂದುವಂತೆ ಹೊಸದಾಗಿ ಮಿಶ್ರಣ ಮಾಡಿ, ಮೂಲದಲ್ಲಿ ಇಲ್ಲದ ಸದ್ದುಗಳನ್ನೂ ಸೇರಿಸಿದ್ದರು. ಅಭಿಮಾನಿಗಳು ಗಲಾಟೆ ಎಬ್ಬಿಸಿದರು, ಆಮೇಲೆ ಮೋನೋ ಕೂಡ ಬಂತು. ಆ ಗಲಾಟೆ ನ್ಯಾಯವಾದದ್ದೇ. ನಿಶ್ಶಬ್ದವನ್ನೂ ಒಬ್ಬ ನಿರ್ದೇಶಕ ಅಳೆದೇ ಇಟ್ಟಿರುತ್ತಾನೆ, ಅದರೊಳಗೆ ಇನ್ನೊಬ್ಬರು ಕೈಹಾಕಬಾರದು.

ಧ್ವನಿಯ ಮಾತು ಬಂದಾಗ ನಮ್ಮಲ್ಲಿ ಫ್ರೆಂಚ್ ನಿರ್ದೇಶಕ ಬ್ರೆಸ್ಸನ್ ಅವರ ಭಕ್ತೆಯೊಬ್ಬಳಿದ್ದಾಳೆ, ಅವಳನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 'ಎ ಮ್ಯಾನ್ ಎಸ್ಕೇಪ್ಡ್' (1956) ಚಿತ್ರವನ್ನು ಹೆಡ್‌ಫೋನ್ ಹಾಕಿಕೊಂಡೇ ನೋಡಬೇಕು ಅನ್ನುವುದು ಅವಳ ಕಟ್ಟಪ್ಪಣೆ. ಅವಳ ಮಾತಿನಂತೆ ನೋಡಿದೆ. ಲಿಯಾನ್‌ನ ಜೈಲಿನ ಕೋಣೆಯೊಳಗೆ ಕೈದಿ ಚಮಚದ ತುದಿಯನ್ನು ಉಜ್ಜಿ ಚೂಪು ಮಾಡಿ, ಬಾಗಿಲಿನ ಹಲಗೆಗಳ ನಡುವಿನ ಮರವನ್ನು ಕೆರೆಯುತ್ತಾನೆ. ಕೆರೆಯುವ ಸದ್ದು, ತಡೆ, ಮತ್ತೆ ಕೆರೆತ. ಹೊರಗೆ ಕಾವಲುಗಾರ ಮೆಟ್ಟಿಲಿಳಿಯುತ್ತಾ ಕೀಲಿಯನ್ನು ಕಂಬಿಗೆ ತಾಗಿಸುತ್ತಾ ಬರುವ ಟಣ್ ಟಣ್. ಆ ಕಾವಲುಗಾರ ಕಾಣುವ ಅಗತ್ಯವೇ ಇಲ್ಲ, ಅವನು ಎಷ್ಟು ದೂರದಲ್ಲಿದ್ದಾನೆ ಅನ್ನುವುದನ್ನು ಕಿವಿಯೇ ಅಳೆಯುತ್ತದೆ. ಕೈದಿಯ ಪಾತ್ರ ಮಾಡಿದವರು ನಟರಲ್ಲ, ತತ್ವಶಾಸ್ತ್ರದ ವಿದ್ಯಾರ್ಥಿ. ಕೊನೆಗೆ ಅವನು ಪಾರಾಗುತ್ತಾನೆ ಅಂತ ಹೆಸರೇ ಹೇಳಿಬಿಟ್ಟಿದೆ. ಹಾಗಿದ್ದೂ ನನ್ನ ಅಂಗೈ ಬೆವತಿತ್ತು.

ಡಿಸ್ಕಿನ ಜೊತೆ ಬರುವ ಹೆಚ್ಚುವರಿ ವಿಡಿಯೋಗಳನ್ನು ಹಲವರು ತೆರೆದೂ ನೋಡುವುದಿಲ್ಲ. ಎಲ್ಲವೂ ನೋಡಲೇಬೇಕಾದವು ಅಂತ ನಾನೂ ಹೇಳಲಾರೆ. ಎಷ್ಟೋ ಸಂದರ್ಶನಗಳು ಬರೀ ಹೊಗಳಿಕೆ. ಆದರೆ ಪೋಲೆಂಡಿನ ನಿರ್ದೇಶಕ ಕೀಸ್ಲೋವ್‌ಸ್ಕಿಯವರ 'ಥ್ರೀ ಕಲರ್ಸ್: ಬ್ಲೂ' (1993) ಡಿಸ್ಕಿನಲ್ಲಿ ಅವರೇ ಎಡಿಟಿಂಗ್ ಮೇಜಿನ ಮುಂದೆ ಕೂತು ಕೆಲವೇ ಸೆಕೆಂಡಿನ ಒಂದು ಶಾಟ್ ವಿವರಿಸುವ ಭಾಗವಿದೆ. ಅದನ್ನು ನೋಡದವರು ಬಹಳ ಕಳೆದುಕೊಂಡಿದ್ದಾರೆ. ಗಂಡ, ಮಗು ಇಬ್ಬರನ್ನೂ ಕಳೆದುಕೊಂಡ ಜೂಲಿ ಕೆಫೆಯಲ್ಲಿ ಕೂತಿದ್ದಾಳೆ. ಸಕ್ಕರೆಯ ಅಚ್ಚನ್ನು ಕಾಫಿಯ ಮೇಲ್ಮೈಗೆ ಸೋಕಿಸುತ್ತಾಳೆ. ಕಂದು ಬಣ್ಣ ಬಿಳಿಯೊಳಗೆ ಏರುತ್ತಾ ಹೋಗುತ್ತದೆ, ಪೂರ್ತಿ ಏರಿದ ಮೇಲೆ ಬೀಳಿಸುತ್ತಾಳೆ. ತನ್ನ ಹತ್ತಿರದ ಪುಟ್ಟ ವಸ್ತುಗಳಲ್ಲಿ ಮುಳುಗಿ ಉಳಿದದ್ದನ್ನೆಲ್ಲ ಹೊರಗಿಡುತ್ತಿದ್ದಾಳೆ ಅಂತ ತೋರಿಸಲು ಈ ಶಾಟ್. ಅಚ್ಚು ನೆನೆಯಲು ಎಂಟು ಸೆಕೆಂಡು ಹಿಡಿದರೆ ಪ್ರೇಕ್ಷಕರು ತಡೆದುಕೊಳ್ಳುವುದಿಲ್ಲ, ಐದು ಸೆಕೆಂಡೇ ಆಗಬೇಕು ಅನ್ನುತ್ತಾರೆ ಕೀಸ್ಲೋವ್‌ಸ್ಕಿ. ಅದಕ್ಕಾಗಿ ಅವರ ಸಹಾಯಕ ಅರ್ಧ ದಿನ ಬೇರೆ ಬೇರೆ ಸಕ್ಕರೆಯ ಅಚ್ಚುಗಳನ್ನು ನೆನೆಸಿ ಪರೀಕ್ಷಿಸುತ್ತಿದ್ದನಂತೆ! ಇದನ್ನು ಕೇಳಿದ ಮೇಲೆ ನಾನು ಆ ಶಾಟನ್ನು ಮತ್ತೆ ಹಾಕಿ ಗಡಿಯಾರ ನೋಡದೆ, ಮನಸ್ಸಿನಲ್ಲೇ ಎಣಿಸಿದೆ. ಐದಕ್ಕೆ ಸರಿಯಾಗಿ ಅಚ್ಚು ಬಿತ್ತು.

ಗೃಹಿಣಿಯೊಬ್ಬಳ ದಿನಚರಿಯನ್ನು ಹಿಡಿದ, ಬೆಲ್ಜಿಯಮ್ಮಿನ ಶಾಂತಾಲ್ ಅಕರ್‌ಮಾನ್ ಅವರ 'ಜ್ಯಾನ್ ದಿಲ್ಮಾನ್' (1975) ಡಿಸ್ಕಿನಲ್ಲೂ ಇಂಥದ್ದೇ ಒಂದು ನಿಧಿಯಿದೆ. ಚಿತ್ರೀಕರಣದ ವೇಳೆ ನಟ ಸಾಮಿ ಫ್ರೇ ತೆಗೆದ ವಿಡಿಯೋ, ಒಂದು ಗಂಟೆಗೂ ಹೆಚ್ಚು. ಇಪ್ಪತ್ತರ ಹರೆಯದ ನಿರ್ದೇಶಕಿಯೂ ಅಷ್ಟು ಹೊತ್ತಿಗೆ ಹೆಸರಾಂತ ನಟಿಯಾಗಿದ್ದ ಡೆಲ್ಫೀನ್ ಸೇರಿಗ್ ಅವರೂ ಒಂದೊಂದು ಮನೆಗೆಲಸದ ಚಲನೆಯನ್ನೂ ಚರ್ಚಿಸುತ್ತಾರೆ. 201 ನಿಮಿಷದ ಈ ಚಿತ್ರದಲ್ಲಿ ಏನೂ ನಡೆಯುವುದಿಲ್ಲ ಅಂತ ದೂರುವವರಿಗೆ ನಾನು ಮೊದಲು ಆ ವಿಡಿಯೋ ತೋರಿಸುತ್ತೇನೆ. 2022ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಿಗಾಗಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಇದು ಮೊದಲ ಸ್ಥಾನಕ್ಕೆ ಬಂದಾಗ ನಮ್ಮ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ನನಗಂತೂ ಖುಷಿಯಾಗಿತ್ತು.

ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಕೆಲಸದ ಮಾತು. ಬ್ಲೂ-ರೇಗೆ ಮೂರು ಪ್ರದೇಶ ಸಂಕೇತಗಳಿವೆ. ಎ ಅಂದರೆ ಅಮೆರಿಕ ಖಂಡಗಳು, ಜಪಾನ್ ಮುಂತಾದವು. ಬಿ ಅಂದರೆ ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ. ಸಿ ಅಂದರೆ ಭಾರತ, ಚೀನಾ, ರಷ್ಯಾ ಇತ್ಯಾದಿ. ಬಿ ಡಿಸ್ಕು ಎ ಪ್ಲೇಯರಿನಲ್ಲಿ ಓಡುವುದಿಲ್ಲ. ಯುರೋಪಿನ ಚಿತ್ರಗಳ ಬೆನ್ನುಹತ್ತುವವರು ಎಲ್ಲ ಪ್ರದೇಶದ ಡಿಸ್ಕೂ ಓಡಿಸುವ ಪ್ಲೇಯರನ್ನೇ ಕೊಳ್ಳಿ. ಬ್ಲೂ-ರೇಗಿಂತಲೂ ಸ್ಪಷ್ಟವಾದ 4ಕೆ ಡಿಸ್ಕುಗಳಿಗೆ ಈ ಬೇಲಿ ಇಲ್ಲ. ಇದ್ದ ಪ್ಲೇಯರನ್ನು ಜೋಪಾನವಾಗಿಟ್ಟುಕೊಳ್ಳಿ. ಒಪ್ಪೋ, ಸ್ಯಾಮ್‌ಸಂಗ್, ಎಲ್‌ಜಿ ಒಂದರ ಹಿಂದೊಂದು ಪ್ಲೇಯರ್ ತಯಾರಿಕೆಯಿಂದ ಹಿಂದೆ ಸರಿದಿವೆ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗಿರುತ್ತದೆ. ಡಿವಿಡಿಯಲ್ಲಿ 0.6. ಅದಕ್ಕೇ ಬ್ಲೂ-ರೇಗೆ ಗಟ್ಟಿ ಲೇಪನವಿದೆ. ಹಾಗಂತ ಅಂಗಿಯ ತುದಿಯಲ್ಲಿ ಗಸಗಸ ಉಜ್ಜಬೇಡಿ. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ.

ದೊಡ್ಡ ಹೆಸರುಗಳಲ್ಲೇ ನಿಲ್ಲಬೇಡಿ ಅನ್ನುವುದು ನನ್ನ ಆಸೆ. ಸೆಕೆಂಡ್ ರನ್ ಅನ್ನುವ ಬ್ರಿಟನ್ನಿನ ಪುಟ್ಟ ಸಂಸ್ಥೆ ಜೆಕ್, ಹಂಗೇರಿ, ಪೋಲೆಂಡ್ ಚಿತ್ರಗಳನ್ನು ಎಷ್ಟು ಪ್ರೀತಿಯಿಂದ ತರುತ್ತದೆ ಅಂದರೆ, ನಾನು ಹಂಗೇರಿಯ ನಿರ್ದೇಶಕ ಯಾಂಚೋ ಅವರ ಉದ್ದುದ್ದ ಶಾಟುಗಳನ್ನು, ಜೆಕ್ ನಿರ್ದೇಶಕ ವ್ಲಾಚಿಲ್ ಅವರ 'ಮಾರ್ಕೆಟಾ ಲಾಜರೋವಾ'ದ (1967) ಹಿಮ, ತೋಳ, ಕೆಸರನ್ನು ಮೊದಲು ಕಂಡದ್ದೇ ಅವರ ಡಿಸ್ಕುಗಳಿಂದ. ಆ ಚಿತ್ರದ ಕಥೆ ಮೊದಲ ಸಲಕ್ಕೆ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ನೋಡಿ.

ನಾನು ಡಿಸ್ಕುಗಳನ್ನು ಜೋಡಿಸುವುದು ಚಿತ್ರ ಬಂದ ವರ್ಷದ ಪ್ರಕಾರ. ನಿರ್ದೇಶಕರ ಪ್ರಕಾರ ಇಟ್ಟರೆ ಹುಡುಕಲು ಸುಲಭ, ನಿಜ. ಆದರೆ ವರ್ಷದ ಪ್ರಕಾರ ಇಟ್ಟರೆ ನೆರೆಹೊರೆ ಚೆನ್ನಾಗಿರುತ್ತದೆ. 1966ರ ಸಾಲಿನಲ್ಲಿ ಬ್ರೆಸ್ಸನ್‌ರ ಬಾಲ್ತಜಾರ್ ಅನ್ನುವ ಕತ್ತೆಯ ಚಿತ್ರ, ಬರ್ಗ್‌ಮನ್‌ರ 'ಪರ್ಸೋನಾ', ತಾರ್ಕೋವ್‌ಸ್ಕಿಯವರ 'ಆಂದ್ರೇ ರುಬ್ಲೆವ್' ಮೂರೂ ಒತ್ತಿಕೊಂಡು ನಿಂತಿವೆ. ಒಂದೇ ವರ್ಷದಲ್ಲಿ ಫ್ರಾನ್ಸ್, ಸ್ವೀಡನ್, ರಷ್ಯಾದಲ್ಲಿ ಹೀಗೆಲ್ಲ ಯೋಚಿಸುತ್ತಿದ್ದರಲ್ಲ ಅಂತ ಆ ಸಾಲಿನ ಮುಂದೆ ನಿಂತಾಗಲೆಲ್ಲ ಅನ್ನಿಸುತ್ತದೆ.

ಸದ್ಯದ ವಾದ, ಮಧ್ಯಯುಗದ ರಷ್ಯದ ಚಿತ್ರಕಾರನೊಬ್ಬನ ಕಥೆಯಾದ ಈ 'ರುಬ್ಲೆವ್' ಸುತ್ತಲೇ ನಡೆದಿದೆ. ಅಮೆರಿಕದ ಡಿಸ್ಕ್ ಸಂಸ್ಥೆ ಕ್ರೈಟೀರಿಯನ್ ತಂದ ಆವೃತ್ತಿಯಲ್ಲಿ 205 ನಿಮಿಷದ ಮೊದಲ ರೂಪವೂ ಇದೆ, 183 ನಿಮಿಷದ ನಂತರದ ರೂಪವೂ ಇದೆ. ಗುಂಪಿಗೆ ಹೊಸದಾಗಿ ಸೇರಿದ ಇಬ್ಬರು ಈ ಚಿತ್ರವನ್ನು ಇನ್ನೂ ನೋಡಿಲ್ಲ. ಅವರಿಗೆ ಯಾವುದನ್ನು ಹಾಕಬೇಕು? ಸೋವಿಯತ್ ಅಧಿಕಾರಿಗಳ ಕಾಟ ಶುರುವಾಗುವ ಮುಂಚಿನದ್ದೇ ಅಸಲಿ, 205ರದ್ದೇ ಇರಲಿ ಅಂತ ಬ್ರೆಸ್ಸನ್ ಭಕ್ತೆಯ ಹಟ. ಕತ್ತರಿಸಿ ಬಿಗಿಗೊಳಿಸಿದ ರೂಪವೇ ತನಗೆ ಇಷ್ಟ ಅಂತ ತಾರ್ಕೋವ್‌ಸ್ಕಿಯವರೇ ಹೇಳಿದ್ದಾರೆ, ಆದ್ದರಿಂದ ನಾನು 183ರ ಪರ. ಗಂಟೆ ಎರಕ ಹೊಯ್ಯುವ ಹುಡುಗ ಬೋರಿಸ್ಕನ ಭಾಗಕ್ಕೆ ಬರುವಷ್ಟರಲ್ಲಿ ಹೊಸಬರು ದಣಿದಿರಬಾರದು. ಜೇಡಿಮಣ್ಣು ಹುಡುಕುತ್ತಾ ಆ ಹುಡುಗ ಮಳೆಯಲ್ಲಿ ಇಳಿಜಾರಿನಿಂದ ಜಾರಿ ಬೀಳುವಾಗ ಅವರು ಮೈಯೆಲ್ಲ ಕಣ್ಣಾಗಿ ಕೂತಿರಬೇಕು. ಎರಡನ್ನೂ ನೋಡಿದವರು ನಿಮ್ಮಲ್ಲಿದ್ದರೆ, ಭಾನುವಾರದೊಳಗೆ ನಿಮ್ಮ ಮತ ಯಾವುದಕ್ಕೆ ಅಂತ ತಿಳಿಸಿ.