‘ಇನ್ನೆಷ್ಟು ದಿನ ಬಾಕಿ’ ಕಾಲಂ ತೆಗೀರಿ, ಕೊನೆ ತಾರೀಖು ಇಡಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿಲ್ ಪಾಸ್ ಆಗೋದೆಲ್ಲ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಲಿಸ್ಟ್ (ಆನ್‌ಲೈನ್ ಪಟ್ಟಿ) ಮತ್ತು ಪವರ್ ಆಟೋಮೇಟ್ (ತಾನಾಗಿ ಓಡೋ ‘ಫ್ಲೋ’ಗಳನ್ನು ಕಟ್ಟೋ ಸಾಫ್ಟ್‌ವೇರ್) ಮೇಲೆ. ಜಾಸ್ತಿ ತಲೆನೋವು ಸಣ್ಣ ಸಪ್ಲೈಯರ್‌ಗಳ ಬಿಲ್‌ದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಬರವಣಿಗೆಯ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ ಮೇಲೆ 45 ದಿನ ದಾಟುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನವೇ. ದಾಟಿದರೆ ಬಡ್ಡಿ, ಅದರ ಮೇಲೆ ಆದಾಯ ತೆರಿಗೆಯಲ್ಲೂ ಕಾಟ: ಆ ಬಿಲ್ಲನ್ನು ದುಡ್ಡು ಕೊಟ್ಟ ವರ್ಷವೇ ಖರ್ಚಿಗೆ ಹಾಕಿಕೊಳ್ಳೋಕೆ ಆಗೋದು.

ನಾನು ಸೇರಿದಾಗ ಲಿಸ್ಟ್‌ನಲ್ಲಿ ‘ಬಾಕಿ ದಿನ’ ಅಂತ ಒಂದು ಕಾಲಂ ಇತ್ತು. ಕೊನೆ ತಾರೀಖಿನಿಂದ ಟುಡೇ (ಇವತ್ತಿನ ತಾರೀಖು) ಕಳೆಯೋ ಫಾರ್ಮುಲಾ. ನೋಡೋಕೆ ಚೆನ್ನಾಗೇ ಇತ್ತು, ಆದರೆ ಕೆಲವು ಬಿಲ್‌ಗಳಲ್ಲಿ ವಾರಗಟ್ಟಲೆ ಅದೇ 12 ಕೂತಿರುತ್ತಿತ್ತು. ಶೇರ್‌ಪಾಯಿಂಟ್‌ನಲ್ಲಿ ಇಂಥ ಫಾರ್ಮುಲಾ ಇರೋ ಕ್ಯಾಲ್ಕುಲೇಟೆಡ್ ಕಾಲಂ ದಿನಾ ತಾನಾಗಿ ಲೆಕ್ಕ ಹಾಕಲ್ಲ. ಆ ಸಾಲನ್ನು ಯಾರಾದರೂ ಎಡಿಟ್ ಮಾಡಿ ಸೇವ್ ಮಾಡಿದಾಗ, ಇಲ್ಲವೇ ಫಾರ್ಮುಲಾ ಬದಲಿಸಿದಾಗ ಮಾತ್ರ ಹಾಕುತ್ತದೆ. ಅಂದರೆ ಯಾರೂ ಮುಟ್ಟದೆ ಮರೆತ ಬಿಲ್ಲೇ ‘ಇನ್ನೂ ಟೈಮ್ ಇದೆ’ ಅಂತ ಹೇಳುತ್ತಿರುತ್ತೆ!

ಆ ಕಾಲಂ ತೆಗೆಸಿ, ಮಾಲು ಒಪ್ಪಿಕೊಂಡ ದಿನಕ್ಕೆ 45 (ಒಪ್ಪಂದ ಇಲ್ಲದಿದ್ದರೆ 15) ಕೂಡಿಸಿ ಬರೋ ಕೊನೆ ತಾರೀಖು ಮಾತ್ರ ಇಟ್ಟೆವು. ಅದು ಬದಲಾಗೋದಿಲ್ಲ, ಹಾಗಾಗಿ ಹಳಸೋದೂ ಇಲ್ಲ. ‘ಇವತ್ತು’ ಯಾವತ್ತು ಅನ್ನೋದನ್ನು ದಿನಾ ಬೆಳಿಗ್ಗೆ ಓಡೋ ಫ್ಲೋ ಕೇಳಿಕೊಳ್ಳಲಿ. ಕಣ್ಣಿಗೆ ಬೇಕು ಅಂದರೆ ವ್ಯೂ ಫಿಲ್ಟರ್‌ನಲ್ಲಿ ಟುಡೇ ಹಾಕಿ, ಅಲ್ಲಿ ಅದು ಸರಿಯಾಗೇ ಕೆಲಸ ಮಾಡುತ್ತೆ.

ಫ್ಲೋನಲ್ಲಿ ಎಡವೋ ಜಾಗ ಇನ್ನೊಂದಿದೆ. ಶೆಡ್ಯೂಲ್‌ನಲ್ಲಿ ಭಾರತದ ಟೈಮ್ ಝೋನ್ ಆರಿಸಿ ಬೆಳಿಗ್ಗೆ 5ಕ್ಕೆ ಓಡಿಸಿದರೂ, ಒಳಗೆ ಯುಟಿಸಿನೌ ಫಂಕ್ಷನ್‌ನಲ್ಲಿ ಈಗ ಟೈಮ್ ಎಷ್ಟು ಅಂತ ಕೇಳಿದರೆ ಅದು ಕೊಡೋದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಸಮಯ. ಅಲ್ಲಿ ಇನ್ನೂ ಹಿಂದಿನ ದಿನ ರಾತ್ರಿ 11.30. ಬೆಳಿಗ್ಗೆ 5.30ರ ತನಕ ನಿಮ್ಮ ಫ್ಲೋ ನಿನ್ನೆಯಲ್ಲೇ ಇರುತ್ತೆ. ಕನ್ವರ್ಟ್‌ಟೈಮ್‌ಝೋನ್ ಅನ್ನೋ ಫಂಕ್ಷನ್ ಹಾಕಿ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ಗೆ ತಂದುಕೊಂಡು ಆಮೇಲೆ ಹೋಲಿಸಿ. ಹಾಗೇ ತಾರೀಖಿನ ಫಾರ್ಮ್ಯಾಟ್ ಬರೆಯುವಾಗ ತಿಂಗಳಿಗೆ ದೊಡ್ಡ ಎಂ. ಚಿಕ್ಕ ಎಂ ಹಾಕಿದರೆ ತಿಂಗಳ ಜಾಗದಲ್ಲಿ ನಿಮಿಷ ಬಂದು ಕೂರುತ್ತೆ.

‘ಸರಿಯಾಗಿ 3 ದಿನ ಬಾಕಿ ಇದ್ದಾಗ ಮೇಲ್ ಕಳಿಸು’ ಅಂತಲೂ ಬರೆಯಬೇಡಿ. ಆ ಒಂದು ದಿನ ಫ್ಲೋ ಫೇಲ್ ಆದರೆ ಮುಗೀತು, ಮೇಲ್ ಹೋಗೋದೇ ಇಲ್ಲ. 3 ಅಥವಾ ಅದಕ್ಕಿಂತ ಕಮ್ಮಿ ಅಂತ ಬರೆದು, ‘ಕಳಿಸಿದೆ’ ಅಂತ ಒಂದು ಹೌದು/ಇಲ್ಲ ಕಾಲಂ ಇಡಿ.

ರಜೆ ವಿಷಯ ಜಾಸ್ತಿ ಕಷ್ಟ. 2025ರ ಫೆಬ್ರವರಿ 14ಕ್ಕೆ ಒಪ್ಪಿಕೊಂಡ ಮಾಲಿಗೆ 45 ದಿನ ಅಂದರೆ ಮಾರ್ಚ್ 31. ಅದು ರಂಜಾನ್, ಹಿಂದಿನ ದಿನ ಭಾನುವಾರ, ಯುಗಾದಿ. ನೆಫ್ಟ್ ಏನೋ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತೆ, ಆದರೆ ಅಪ್ರೂವ್ ಮಾಡೋ ಸಾಹೇಬರು ಊರಲ್ಲಿರಬೇಕಲ್ವಾ? ಪವರ್ ಆಟೋಮೇಟ್‌ನಲ್ಲಿ ರಜೆ ಬಿಟ್ಟು ದಿನ ಎಣಿಸೋ ಎಕ್ಸೆಲ್‌ನ ವರ್ಕ್‌ಡೇ ಥರದ ಫಂಕ್ಷನ್ ಇಲ್ಲ. ಹಾಗಾಗಿ ರಜೆಗಳದ್ದೇ ಒಂದು ಲಿಸ್ಟ್ ಮಾಡಿ, ಕೊನೆ ತಾರೀಖು ರಜೆಗೆ ಬಿದ್ದರೆ ಕೆಲಸದ ದಿನ ಸಿಗೋವರೆಗೆ ಒಂದೊಂದೇ ದಿನ ಹಿಂದೆ ಹೋಗೋ ಲೂಪ್ ಹಾಕಿದ್ದೇವೆ. ಎರಡನೇ ಶನಿವಾರ ಹಿಡಿಯೋದು ಸುಲಭ: ಶನಿವಾರ ಆಗಿದ್ದು ತಾರೀಖು 8ರಿಂದ 14ರ ಒಳಗಿದ್ದರೆ ಅದೇ. ನಾಲ್ಕನೆಯದಕ್ಕೆ 22ರಿಂದ 28.

ಇದನ್ನೆಲ್ಲ ಟೆಸ್ಟ್ ಮಾಡೋಕೆ ಮಾರ್ಚ್ ಬರೋವರೆಗೆ ಕಾಯಬೇಕಿಲ್ಲ. ‘ಇವತ್ತು’ ಅನ್ನೋದನ್ನು ಫ್ಲೋದ ಮೊದಲ ಸ್ಟೆಪ್‌ನಲ್ಲಿ ಒಂದು ವೇರಿಯಬಲ್‌ಗೆ ಹಾಕಿ, ಮುಂದೆ ಎಲ್ಲ ಕಡೆ ಅದನ್ನೇ ಬಳಸಿ. ಟೆಸ್ಟ್ ಲಿಸ್ಟ್ ಮೇಲೆ ಓಡಿಸುವಾಗ ಅಲ್ಲಿ ಕೈಯಾರೆ ಮಾರ್ಚ್ 28 ಬರೆದು ನೋಡಿ, ಆಮೇಲೆ ಫೆಬ್ರವರಿ 29 ಬರೆದು ನೋಡಿ.