ಹೆಡ್ಜ್ ಫಂಡ್‌ಗಳ ಕೈಯಲ್ಲಿ ಯಾವ ಷೇರಿದೆ ಅಂತ ಎಲ್ಲಿ ನೋಡೋದು?

ಷೇರುಪೇಟೆಯ ಬಗ್ಗೆ ಬರೆಯುವವರಿಗೆ ತಪ್ಪದೆ ಬರುವ ಪ್ರಶ್ನೆ ಇದು. ಹೆಡ್ಜ್ ಫಂಡ್ ಎಂದರೆ ಶ್ರೀಮಂತರ, ದೊಡ್ಡ ಸಂಸ್ಥೆಗಳ ಹಣವನ್ನು ಹೂಡುವ ಖಾಸಗಿ ಫಂಡ್. "ಬಫೆಟ್ ಇದನ್ನು ಕೊಂಡರು, ಹೂಡಿಕೆದಾರ ಮೈಕಲ್ ಬರ್ರಿ ಅದರ ವಿರುದ್ಧ ದುಡ್ಡು ಹಾಕಿದರು ಅಂತ ಸುದ್ದಿ ಬರುತ್ತಲ್ಲ, ಅದು ಎಲ್ಲಿಂದ ಸಿಗುತ್ತೆ? ನಾವೇ ನೋಡಬಹುದಾ? ನೋಡಿಕೊಂಡು ಅದನ್ನೇ ಕೊಳ್ಳಬಹುದಾ?" ನೋಡಬಹುದು, ಅದೂ ಪುಕ್ಕಟೆಯಾಗಿ. ಕೊಳ್ಳುವ ಮಾತು ಆಮೇಲೆ.

ಈ ಸುದ್ದಿಗಳಲ್ಲಿ ಬಹುಪಾಲು 13ಎಫ್ ಎಂಬ ಒಂದೇ ಫಾರ್ಮಿನಿಂದ ಹುಟ್ಟುತ್ತವೆ. ಅಮೆರಿಕದ ಪೇಟೆಯಲ್ಲಿ ವಹಿವಾಟಾಗುವ ಷೇರುಗಳಲ್ಲಿ 10 ಕೋಟಿ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣ ನಿರ್ವಹಿಸುವ ಸಂಸ್ಥೆ, ಪ್ರತಿ ತ್ರೈಮಾಸಿಕದ ಕೊನೆಯ ದಿನ ತನ್ನ ಬಳಿ ಏನಿತ್ತು ಅನ್ನುವುದನ್ನು ಅಲ್ಲಿನ ನಿಯಂತ್ರಕ ಎಸ್‌ಇಸಿಗೆ 45 ದಿನದೊಳಗೆ ತಿಳಿಸಬೇಕು. ಅಂದರೆ ಫೆಬ್ರವರಿ 14, ಮೇ 15, ಆಗಸ್ಟ್ 14, ನವೆಂಬರ್ 14ರ ಆಸುಪಾಸು. ದೊಡ್ಡವರು ಸಾಮಾನ್ಯವಾಗಿ ಕೊನೇ ದಿನದವರೆಗೂ ಕಾಯುತ್ತಾರೆ. ಜನವರಿ ಮೊದಲ ವಾರದಲ್ಲಿ ಕೊಂಡದ್ದು ನಿಮಗೆ ಗೊತ್ತಾಗುವುದು ಮೇ ಮಧ್ಯದಲ್ಲಿ, ನಾಲ್ಕೂವರೆ ತಿಂಗಳ ನಂತರ. ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಹೆಡ್ಜ್ ಫಂಡ್ ಅಲ್ಲ, ಆದರೆ ಈ ನಿಯಮ ಅದಕ್ಕೂ ಅನ್ವಯ.

ಎಸ್‌ಇಸಿಯ ಜಾಲತಾಣದಲ್ಲಿ ಎಡ್ಗರ್ ಎಂಬ ಹುಡುಕು ಪುಟವಿದೆ. ಅಲ್ಲಿ ವ್ಯಕ್ತಿಯ ಹೆಸರನ್ನಾಗಲಿ ಫಂಡಿನ ಹೆಸರನ್ನಾಗಲಿ ಹಾಕಿದರೆ ಸಿಗದೇ ಹೋಗಬಹುದು. ನಿರ್ವಹಣಾ ಕಂಪನಿಯ ಹೆಸರು ಹಾಕಿ. ಬರ್ರಿ ಅವರ 2025ರವರೆಗಿನ ಫಾರ್ಮುಗಳು ಬೇಕಿದ್ದರೆ ಸಯಾನ್ ಅಸೆಟ್ ಮ್ಯಾನೇಜ್‌ಮೆಂಟ್. ಬಂದ ಪಟ್ಟಿಯಲ್ಲಿ 13ಎಫ್-ಎಚ್‌ಆರ್ ಎಂದಿರುವುದೇ ನಮಗೆ ಬೇಕಾದ್ದು. 13ಎಫ್-ಎನ್‌ಟಿ ಎಂದಿದ್ದರೆ "ನಮ್ಮ ಷೇರುಗಳನ್ನು ಬೇರೊಬ್ಬರ ಫಾರ್ಮಿನಲ್ಲಿ ನೋಡಿ" ಎಂದರ್ಥ. ಕೊನೆಯಲ್ಲಿ ಓರೆಗೆರೆ ಹಾಕಿ 'ಎ' ಎಂದಿದ್ದರೆ ತಿದ್ದುಪಡಿ. ಅದನ್ನು ಬಿಟ್ಟು ಮುಂದೆ ಹೋಗಬೇಡಿ, ಕಾರಣ ಕೆಳಗಿದೆ.

ಒಳಗಿರುವ ಕೋಷ್ಟಕದಲ್ಲಿ ಕಂಪನಿಯ ಹೆಸರು, ಷೇರಿನ ವರ್ಗ, ಕ್ಯೂಸಿಪ್ ಎಂಬ ಒಂಬತ್ತು ಅಕ್ಷರದ ಗುರುತು, ಮೌಲ್ಯ, ಷೇರುಗಳ ಸಂಖ್ಯೆ, ಪುಟ್ ಅಥವಾ ಕಾಲ್ (ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಮಾರುವ ಅಥವಾ ಕೊಳ್ಳುವ ಹಕ್ಕು, ಎರಡಕ್ಕೂ ಆಪ್ಷನ್ ಎನ್ನುತ್ತಾರೆ), ಮತದಾನದ ಹಕ್ಕು ಇಷ್ಟಿರುತ್ತದೆ. ಎರಡು ತ್ರೈಮಾಸಿಕದ ಕೋಷ್ಟಕಗಳನ್ನು ಎಕ್ಸೆಲ್‌ಗೆ ತಂದು ಕ್ಯೂಸಿಪ್ ಮೂಲಕ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು. ಬಹಳ ಜನ ಎಡವುವುದೂ ಇಲ್ಲೇ. ಆಪಲ್‌ನ ಕ್ಯೂಸಿಪ್ 037833100. ಎಕ್ಸೆಲ್ ಅದನ್ನು ಬರೀ ಅಂಕಿ ಎಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಆಪಲ್ "ಪೂರ್ತಿ ಮಾರಾಟ", ಇನ್ನೊಂದರಲ್ಲಿ "ಹೊಸ ಖರೀದಿ"! ಆ ಅಂಕಣವನ್ನು ಟೆಕ್ಸ್ಟ್ ಎಂದು ಮೊದಲೇ ಗುರುತಿಸಿ, ಆಮೇಲೆ ಮಾಹಿತಿ ತುಂಬಿ. ಒಂದೇ ಷೇರು ಹಲವು ಸಾಲುಗಳಲ್ಲಿ ಬರುವುದೂ ಉಂಟು. ಬರ್ಕ್‌ಶೈರ್ ತನ್ನ ಯಾವ ಅಂಗಸಂಸ್ಥೆಗಳ ಲೆಕ್ಕದಲ್ಲಿ ಷೇರು ಇದೆಯೋ ಅದರ ಪ್ರಕಾರ ಸಾಲುಗಳನ್ನು ಒಡೆದು ಬರೆಯುತ್ತದೆ. ಕ್ಯೂಸಿಪ್‌ವಾರು ಒಟ್ಟು ಹಾಕದೆ ಮೊದಲ ಸಾಲನ್ನಷ್ಟೇ ನೋಡಿದರೆ ಕತೆ ಕೆಟ್ಟಿತು. ಆಲ್ಫಾಬೆಟ್‌ನ ಎ ಮತ್ತು ಸಿ ವರ್ಗಕ್ಕೆ ಬೇರೆ ಬೇರೆ ಕ್ಯೂಸಿಪ್ ಇರುವುದರಿಂದ ಅವನ್ನು ನೀವೇ ಸೇರಿಸಿಕೊಳ್ಳಬೇಕು.

ಹೋಲಿಸಬೇಕಾದ್ದು ಷೇರುಗಳ ಸಂಖ್ಯೆಯನ್ನು, ಮೌಲ್ಯವನ್ನಲ್ಲ. 2023ರ ಡಿಸೆಂಬರ್ ಕೊನೆಗೆ ಬರ್ಕ್‌ಶೈರ್ ಬಳಿ ಆಪಲ್‌ನ ಸುಮಾರು 90.56 ಕೋಟಿ ಷೇರುಗಳಿದ್ದವು, ಮೌಲ್ಯ 17,430 ಕೋಟಿ ಡಾಲರ್. 2024ರ ಮಾರ್ಚ್ ಕೊನೆಗೆ 78.94 ಕೋಟಿ ಷೇರು, ಮೌಲ್ಯ 13,540 ಕೋಟಿ ಡಾಲರ್. ಮೌಲ್ಯ ನೋಡಿದವರಿಗೆ 22 ಶೇಕಡಾ ಕುಸಿತ ಕಾಣುತ್ತದೆ. ಆದರೆ ಮಾರಿದ್ದು 13 ಶೇಕಡಾ ಮಾತ್ರ. ಷೇರಿನ ಬೆಲೆಯೇ 192.53ರಿಂದ 171.48 ಡಾಲರ್‌ಗೆ ಇಳಿದಿತ್ತು, ಹೆಚ್ಚುಕಡಿಮೆ ಅರ್ಧ ಕುಸಿತ ಅದರದ್ದೇ.

ಸಂಖ್ಯೆಯೂ ಮೋಸ ಮಾಡುತ್ತದೆ, ಷೇರು ವಿಭಜನೆ ಆದಾಗ. 2024ರ ಜೂನ್‌ನಲ್ಲಿ ಎನ್ವಿಡಿಯಾ ಒಂದು ಷೇರನ್ನು ಹತ್ತು ಮಾಡಿತು. ಒಂದನ್ನೂ ಕೊಳ್ಳದ ಫಂಡ್ ಕೂಡ ಜೂನ್ ಕೋಷ್ಟಕದಲ್ಲಿ ಹತ್ತುಪಟ್ಟು ಕೊಂಡಂತೆ ಕಾಣುತ್ತದೆ. ಇನ್ನೊಂದು ಹಳೇ ತಕರಾರು ಮೌಲ್ಯದ ಅಂಕಣದ್ದು. 2023ರ ಜನವರಿ 3ಕ್ಕೆ ಮುಂಚೆ ಮೌಲ್ಯವನ್ನು ಸಾವಿರ ಡಾಲರ್‌ಗಳ ಲೆಕ್ಕದಲ್ಲಿ ಬರೆಯುತ್ತಿದ್ದರು, ಆಮೇಲಿನಿಂದ ಪೂರ್ತಿ ಡಾಲರ್‌ಗಳಲ್ಲಿ. ಅನುಮಾನ ಬಂದರೆ ಮೌಲ್ಯವನ್ನು ಷೇರಿನ ಸಂಖ್ಯೆಯಿಂದ ಭಾಗಿಸಿ. ತ್ರೈಮಾಸಿಕದ ಕೊನೇ ದಿನದ ಬೆಲೆ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಾಗಿದೆ.

ಸುದ್ದಿಮನೆಗಳು ಪದೇಪದೇ ಬೀಳುವ ಹಳ್ಳ ಆಪ್ಷನ್‌ಗಳದ್ದು. 2025ರ ನವೆಂಬರ್‌ನಲ್ಲಿ ಸಯಾನ್‌ನ ಫಾರ್ಮ್ ಬಂದಾಗ ಪ್ಯಾಲಂಟಿರ್‌ನ 50 ಲಕ್ಷ ಷೇರುಗಳ ಮೇಲೆ ಪುಟ್, ಮೌಲ್ಯ 91.2 ಕೋಟಿ ಡಾಲರ್ ಎಂದಿತ್ತು. ಬರ್ರಿ ಅಷ್ಟೂ ಹಣ ಪಣಕ್ಕಿಟ್ಟಿದ್ದಾರೆ ಎಂಬಂತೆ ಶೀರ್ಷಿಕೆಗಳು ಬಂದವು. ಫಾರ್ಮಿನ ನಿಯಮದ ಪ್ರಕಾರ ಅಲ್ಲಿ ಬರೆಯಬೇಕಾದ್ದು ಆಪ್ಷನ್‌ಗೆ ಕೊಟ್ಟ ದುಡ್ಡನ್ನಲ್ಲ, ಅದರ ಹಿಂದಿರುವ ಷೇರುಗಳ ಪೂರ್ತಿ ಬೆಲೆಯನ್ನು. ಬರ್ರಿ ಆಮೇಲೆ ತಾವೇ ಲೆಕ್ಕ ಕೊಟ್ಟರು: 50,000 ಕಾಂಟ್ರಾಕ್ಟ್, ಒಂದೊಂದರಲ್ಲಿ 100 ಷೇರು, ಷೇರಿಗೆ 1.84 ಡಾಲರ್. ಗುಣಿಸಿದರೆ 92 ಲಕ್ಷ ಡಾಲರ್, ಸುದ್ದಿಯಲ್ಲಿ ಬಂದದ್ದರ ನೂರನೇ ಒಂದು ಭಾಗ. ಈ ಆಪ್ಷನ್‌ಗಳ ಸ್ಟ್ರೈಕ್ ಬೆಲೆ (ಮೊದಲೇ ಗೊತ್ತುಮಾಡಿದ ಬೆಲೆ), ಅವಧಿ ಎರಡೂ ಫಾರ್ಮಿನಲ್ಲಿ ಇರುವುದಿಲ್ಲ. ಆದ್ದರಿಂದ ಯಾವ ಷೇರಿಗೆ ಎಷ್ಟು ಶೇಕಡಾ ಹಣ ಎಂದು ಲೆಕ್ಕ ಹಾಕುವ ಮುಂಚೆ ಪುಟ್, ಕಾಲ್ ಸಾಲುಗಳನ್ನು ತೆಗೆದು ಪಕ್ಕಕ್ಕಿಡಿ. ಹಾಗೆ ಮಾಡದಿದ್ದರೆ ಉಳಿದ ಎಲ್ಲ ಶೇಕಡಾವಾರು ಲೆಕ್ಕವೂ ಹಾಳು.

ಇನ್ನು ಇದರಲ್ಲಿ ಕಾಣದ್ದು. ಶಾರ್ಟ್ ಮಾಡಿದ, ಅಂದರೆ ಬೆಲೆ ಇಳಿಯುತ್ತದೆಂದು ಎರವಲು ತಂದು ಮಾರಿದ ಷೇರುಗಳು ಇರುವುದಿಲ್ಲ, ತಾವೇ ಬರೆದು ಮಾರಿದ ಆಪ್ಷನ್ ಇಲ್ಲ, ನಗದು ಇಲ್ಲ. ಒಂದು ಕಂಪನಿಯನ್ನು ಕೊಂಡು ಅದರ ಪ್ರತಿಸ್ಪರ್ಧಿಯನ್ನು ಶಾರ್ಟ್ ಮಾಡಿದ ಫಂಡಿನ ಅರ್ಧ ಮುಖ ಮಾತ್ರ ನಿಮಗೆ ಕಾಣುತ್ತದೆ. ಸ್ವಾಪ್‌ಗಳೂ (ಷೇರನ್ನು ಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಬ್ಯಾಂಕಿನ ಜೊತೆ ಮಾಡಿಕೊಳ್ಳುವ ಒಪ್ಪಂದ) ಬರುವುದಿಲ್ಲ. 2021ರ ಮಾರ್ಚ್‌ನಲ್ಲಿ ಮುಳುಗಿದ ಆರ್ಕೆಗೋಸ್ ಎಂಬ ಹೂಡಿಕೆ ಸಂಸ್ಥೆ ಕಟ್ಟಿಕೊಂಡಿದ್ದ ಭಾರೀ ಪಾಲುಗಳು ಇದೇ ಕಾರಣಕ್ಕೆ ಯಾರ ಕಣ್ಣಿಗೂ ಬೀಳಲಿಲ್ಲ. ಷೇರುಗಳು ಬ್ಯಾಂಕುಗಳ ಹೆಸರಲ್ಲಿದ್ದವು. ಕ್ರೆಡಿಟ್ ಸ್ವಿಸ್ ಒಂದೇ ಸುಮಾರು 550 ಕೋಟಿ ಡಾಲರ್ ಕಳೆದುಕೊಂಡಿತು. ವಿದೇಶಿ ಪೇಟೆಯಲ್ಲಿ ಕೊಂಡದ್ದೂ ಹೊರಗೆ: ಬರ್ಕ್‌ಶೈರ್‌ನ ಜಪಾನಿ ಕಂಪನಿಗಳು 13ಎಫ್‌ನಲ್ಲಿಲ್ಲ. ನಮ್ಮ ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ಕಾಣಿಸಿಕೊಳ್ಳುತ್ತವೆ, ಆದರೆ ನ್ಯೂಯಾರ್ಕ್‌ನಲ್ಲಿ ವಹಿವಾಟಾಗುವ ಎಡಿಆರ್ (ವಿದೇಶಿ ಷೇರಿನ ಪರವಾಗಿ ಅಮೆರಿಕದಲ್ಲಿ ಮಾರುವ ರಸೀದಿ) ಲೆಕ್ಕ ಮಾತ್ರ. ಅದೇ ಫಂಡ್ ಮುಂಬೈಯಲ್ಲಿ ಎಷ್ಟು ಕೊಂಡಿದೆಯೋ ಈ ಫಾರ್ಮ್ ಹೇಳುವುದಿಲ್ಲ.

ಎಸ್‌ಇಸಿಯ ಅನುಮತಿ ಪಡೆದು ಕೆಲವು ಷೇರುಗಳನ್ನು ಸ್ವಲ್ಪ ಕಾಲ ಗುಟ್ಟಾಗಿಡಲೂ ಅವಕಾಶವಿದೆ. ವಿಮಾ ಕಂಪನಿ ಚಬ್‌ನ ಷೇರುಗಳನ್ನು ಬರ್ಕ್‌ಶೈರ್ 2023ರಿಂದಲೇ ಕೊಳ್ಳುತ್ತಿತ್ತು. ಹೆಸರು ಹೊರಬಿದ್ದದ್ದು 2024ರ ಮೇ ತಿಂಗಳಲ್ಲಿ, ಅಷ್ಟರಲ್ಲಿ ಪಾಲು 670 ಕೋಟಿ ಡಾಲರ್ ಮುಟ್ಟಿತ್ತು. ಗುಟ್ಟಿನ ಅವಧಿ ಮುಗಿದ ಮೇಲೆ ಹಿಂದಿನ ಲೆಕ್ಕ ಬರುವುದು ತಿದ್ದುಪಡಿ ಫಾರ್ಮಿನಲ್ಲಿ. ಅದಕ್ಕೇ ಅದನ್ನು ಬಿಡಬೇಡಿ ಎಂದದ್ದು.

ಹಾಗಾದರೆ ನೋಡಿ ಕೊಳ್ಳಬಹುದಾ? ಸಿಟಡೆಲ್, ರೆನೈಸಾನ್ಸ್ ಥರದ ಹೆಡ್ಜ್ ಫಂಡ್‌ಗಳ ಪಟ್ಟಿಯಲ್ಲಿ ಸಾವಿರಾರು ಸಾಲುಗಳಿರುತ್ತವೆ, ಫಾರ್ಮ್ ಹೊರಬರುವಷ್ಟರಲ್ಲಿ ಎಷ್ಟೋ ಕೈಬದಲಾಗಿರುತ್ತವೆ. ಅದನ್ನು ನಕಲು ಮಾಡುವುದರಲ್ಲಿ ಅರ್ಥವೇ ಇಲ್ಲ. ಪರ್ಶಿಂಗ್ ಸ್ಕ್ವೇರ್‌ನಂತೆ ಹತ್ತು ಹನ್ನೆರಡು ಷೇರು ಇಟ್ಟುಕೊಂಡು ವರ್ಷಗಟ್ಟಲೆ ಕಾಯುವವರ ಫಾರ್ಮ್ ಓದುವುದಕ್ಕೆ ಯೋಗ್ಯ: ಸತತ ಮೂರು ನಾಲ್ಕು ತ್ರೈಮಾಸಿಕ ಯಾವುದನ್ನು ಹೆಚ್ಚಿಸುತ್ತಿದ್ದಾರೆ ಎಂದು ನೋಡಿ, ಆಮೇಲೆ ಆ ಕಂಪನಿಯ ವಾರ್ಷಿಕ ವರದಿ ತೆರೆಯಿರಿ. ಅವರು ಯಾವ ಬೆಲೆಗೆ ಕೊಂಡರು ಎಂಬುದು 13ಎಫ್‌ನಲ್ಲಿ ಎಲ್ಲೂ ಇಲ್ಲ. ಜಾಲತಾಣಗಳು ತೋರಿಸುವ "ಸರಾಸರಿ ಖರೀದಿ ಬೆಲೆ" ಬರೀ ಅಂದಾಜು.

ಭಾರತದಲ್ಲಿ 13ಎಫ್‌ಗೆ ಸಮನಾದ ಫಾರ್ಮ್ ಇಲ್ಲ. ಮ್ಯೂಚುವಲ್ ಫಂಡ್‌ಗಳು ಪ್ರತಿ ತಿಂಗಳು ಪೂರ್ತಿ ಪಟ್ಟಿ ಕೊಡುತ್ತವೆ, ಇದು ಅಮೆರಿಕದ ವ್ಯವಸ್ಥೆಗಿಂತ ಬೇಗ. ಉಳಿದವರದ್ದು ತಿರುಗುಮುರುಗು: ಕಂಪನಿಯೇ ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರುದಾರರ ವಿವರವನ್ನು ಎನ್‌ಎಸ್‌ಇ, ಬಿಎಸ್‌ಇಗೆ ಕೊಡುತ್ತದೆ, ಅದರಲ್ಲಿ ಸಾರ್ವಜನಿಕ ಷೇರುದಾರರ ಪೈಕಿ 1 ಶೇಕಡಾ ಅಥವಾ ಹೆಚ್ಚು ಪಾಲಿರುವವರ ಹೆಸರು ಮಾತ್ರ ಇರುತ್ತದೆ. ಹೆಸರು ಮಾಯವಾದರೆ "ಪೂರ್ತಿ ಮಾರಿಬಿಟ್ಟರು" ಎಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. 1.02ರಿಂದ 0.98 ಶೇಕಡಾಕ್ಕೆ ಇಳಿದರೂ ಹೆಸರು ಹೋಗುತ್ತದೆ.